ಕೆಳಗಿನ ಎರಡು ಸಾಲು

ಏನು ಕೆಲಸ ಮಾಡುತ್ತೀರಿ ಅಂತ ಯಾರಾದರೂ ಕೇಳಿದರೆ ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಇಲಿ ನೋಡಿಕೊಳ್ಳುತ್ತೇನೆ ಅನ್ನುತ್ತೇನೆ. ಕೇಳಿದವರ ಮುಖ ಒಮ್ಮೆ ಕಿವುಚಿಕೊಳ್ಳುತ್ತದೆ. ಆಮೇಲೆ ತಮ್ಮ ಅಡುಗೆಮನೆಗೆ ಬರುವ ಇಲಿಗೆ ಏನು ಮಾಡಬೇಕು ಅಂತ ವಿಚಾರಿಸುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಪ್ರಶ್ನೆ. ನನಗೆ ಇಲಿ ಸಾಕುವುದು ಗೊತ್ತು, ಓಡಿಸುವುದು ಗೊತ್ತಿಲ್ಲ ಅಂದರೆ ನಗುತ್ತಾರೆ. ಎಷ್ಟು ದಿನ ಸಾಕುತ್ತೇನೆ ಅಂತ ಯಾರೂ ಕೇಳುವುದಿಲ್ಲ, ನಾನೂ ಹೇಳಲು ಹೋಗುವುದಿಲ್ಲ.

ಸಂಶೋಧನಾ ಕೇಂದ್ರದ ಹಿಂಬದಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ನನ್ನದು. ಬೆಳಿಗ್ಗೆ ಏಳಕ್ಕೆ ದೀಪ ತಾನಾಗಿ ಹತ್ತುತ್ತದೆ, ಸಂಜೆ ಏಳಕ್ಕೆ ತಾನಾಗಿ ಆರುತ್ತದೆ. ಅಲ್ಲಿರುವವರಿಗೆ ಅದೇ ಸೂರ್ಯ. ಗೋಡೆಗೆ ತಾಗಿದಂತೆ ಒಂದು ಕಬ್ಬಿಣದ ಚೌಕಟ್ಟು. ಅದರಲ್ಲಿ ನಾಲ್ಕು ಸಾಲು, ಸಾಲಿಗೆ ಐದು ಪ್ಲಾಸ್ಟಿಕ್ ಪೆಟ್ಟಿಗೆ, ಪೆಟ್ಟಿಗೆಗೆ ಎರಡು ಬಿಳಿ ಇಲಿ. ತಳದಲ್ಲಿ ಮರದ ಚಕ್ಕೆ ಹಾಸಿರುತ್ತದೆ. ಮೇಲೆ ತಂತಿಯ ಮುಚ್ಚಳ, ಅದರ ತಗ್ಗಿನಲ್ಲಿ ಗಟ್ಟಿ ಉಂಡೆಗಳ ಆಹಾರ. ಇಲಿ ಹಿಂಗಾಲ ಮೇಲೆ ಎದ್ದು ನಿಂತು ತಂತಿಯ ಸಂದಿನಿಂದ ಉಂಡೆ ಕೊರೆದು ತಿನ್ನಬೇಕು. ಕಾಲು ನೆಟ್ಟಗಿರುವ ಇಲಿಗೆ ಅದೊಂದು ಕಷ್ಟವೇ ಅಲ್ಲ.

ಆದರೆ ನಮ್ಮ ಇಲಿಗಳ ಕಾಲು ನೆಟ್ಟಗಿರಬಾರದು, ಅದಕ್ಕೇ ಅವನ್ನು ತರಿಸುವುದು. ಬಾಲದ ಬುಡಕ್ಕೆ ಒಂದು ಸೂಜಿ ಚುಚ್ಚುತ್ತಾರೆ. ಎರಡು ಮೂರು ವಾರದಲ್ಲಿ ಇಲಿಯ ದೇಹ ತನ್ನ ಕೀಲುಗಳನ್ನೇ ಹಗೆ ಅಂದುಕೊಂಡು ಅವುಗಳ ಮೇಲೆ ಬೀಳುತ್ತದೆ. ಪಾದ ಊದಿ ಕೆಂಪಾಗುತ್ತದೆ, ಗೆಣ್ಣು ದಪ್ಪವಾಗುತ್ತದೆ, ಇಲಿ ಹೊಟ್ಟೆ ಎಳೆದುಕೊಂಡು ತೆವಳುತ್ತದೆ. ಸಂಧಿವಾತ. ಆಮೇಲೆ ಅರ್ಧದಷ್ಟು ಇಲಿಗಳಿಗೆ ಹೊಸ ಔಷಧಿ, ಉಳಿದ ಅರ್ಧಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಅಂತ ಕೋಣೆಗೆ ಬರುವ ಯಾರಿಗೂ ಗೊತ್ತಿರಬಾರದು. ಪೆಟ್ಟಿಗೆಗೆ ನೀಲಿ ಚೀಟಿ ಅಥವಾ ಹಳದಿ ಚೀಟಿ ಅಂಟಿಸಿರುತ್ತಾರೆ. ಯಾವ ಬಣ್ಣ ಯಾವುದು ಅನ್ನುವುದು ಆಫೀಸಿನ ಬೀರುವಿನಲ್ಲಿ, ಮೊಹರು ಹಾಕಿದ ಲಕೋಟೆಯಲ್ಲಿ.

ಈ ಅಧ್ಯಯನ ನಡೆಸುತ್ತಿದ್ದವರನ್ನು ನಾನು ಮೇಡಂ ಅನ್ನುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು, ಓದಿನಲ್ಲಿ ನನಗಿಂತ ನೂರು ವರ್ಷ ದೊಡ್ಡವರು. ಊಟ ಮರೆತು ಕೆಲಸ ಮಾಡುವ ಜಾತಿ. ವಾರಕ್ಕೊಮ್ಮೆ ಬಂದು ಚೀಟಿಯ ಬಣ್ಣದ ಸೀಸೆಯಿಂದ ಸೂಜಿ ಹಾಕಿ, ಒಂದೊಂದು ಇಲಿಯ ಪಾದದ ದಪ್ಪ ಅಳೆಯುತ್ತಿದ್ದರು, ನಡಿಗೆಗೆ ಅಂಕ ಕೊಡುತ್ತಿದ್ದರು. ನಾನು ಇಲಿಯನ್ನು ಟವೆಲಿನಲ್ಲಿ ಸುತ್ತಿ ಕಾಲು ಮಾತ್ರ ಹೊರಗೆ ಬಿಟ್ಟು ಹಿಡಿದುಕೊಳ್ಳುತ್ತಿದ್ದೆ. ಅಳತೆಯ ಕಡ್ಡಿ ತಾಗುತ್ತಲೇ ಇಲಿಯ ಮೈಯೆಲ್ಲ ಬಿಗಿಯಾಗುವುದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಮೇಡಂಗೆ ಮಿಲಿಮೀಟರ್ ಮಾತ್ರ ಗೊತ್ತಾಗುತ್ತಿತ್ತು. ಇದು ಕೊಂಕು ಅಲ್ಲ. ಅವರ ಕೆಲಸ ಅದು, ನನ್ನ ಕೆಲಸ ಇದು.

ಆ ಬಿಗಿತ ನನಗೆ ಹೊಸದಾಗಿರಲಿಲ್ಲ. ಮನೆಯಲ್ಲಿ ಅಕ್ಕನ ಕೈ ಹಿಡಿದಾಗಲೂ ಹಾಗೆಯೇ ಆಗುತ್ತಿತ್ತು.

ಅಕ್ಕ ದರ್ಜಿ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಕೂರಿಸಿಕೊಂಡೇ ಬೆಳೆಸಿದಳು. ಕೆಳಗೆ ಬೀದಿಗೆ ತೆರೆದುಕೊಂಡ ಅಂಗಡಿ, ಮೇಲೆ ನಾವಿಬ್ಬರೂ ಇದ್ದ ಎರಡು ಕೋಣೆ. ಭಾವ ಬಹಳ ಹಿಂದೆಯೇ ಬೇರೆ ದಾರಿ ಹಿಡಿದಿದ್ದ. ಅವನ ಬಗ್ಗೆ ಅಕ್ಕ ಹೇಳುತ್ತಿದ್ದದ್ದು ಒಂದೇ ಮಾತು: "ಅಳತೆ ಸರಿಯಾಗಿ ತಗೊಂಡಿರ್ಲಿಲ್ಲ ಬಿಡು, ನಂದೇ ತಪ್ಪು." ಸಂಜೆ ನಾನು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಒಳಗಿನಿಂದಲೇ ಕೂಗುತ್ತಿದ್ದಳು.

"ಏನೇ ಇಲಿ ಸೂಲಗಿತ್ತಿ, ಎಲ್ಲ ಬಾಣಂತಿಯರೂ ಕ್ಷೇಮಾನಾ?"

"ಕ್ಷೇಮ. ನಿನ್ನ ಕೇಳಿದ್ರು."

"ನಂಗೂ ಒಂದು ಪೆಟ್ಟಿಗೆ ಖಾಲಿ ಇಟ್ಟಿರು ಅಂತ ಹೇಳು."

ಐವತ್ತು ದಾಟುವಷ್ಟರಲ್ಲಿ ಅಕ್ಕನ ಮಣಿಕಟ್ಟು ಎರಡೂ ಊದಿಕೊಂಡವು. ಬೆಳಿಗ್ಗೆ ಎದ್ದರೆ ಒಂದು ಗಂಟೆ ಬಿಸಿನೀರಿನಲ್ಲಿ ಕೈ ಅದ್ದಿ ಕೂರದೆ ಬೆರಳು ಬಿಚ್ಚುತ್ತಿರಲಿಲ್ಲ. ಮೊದಲು ಕೊಟ್ಟ ಮಾತ್ರೆ ಎರಡು ವರ್ಷ ಕೆಲಸ ಮಾಡಿತು. ಎರಡನೆಯದು ಲಿವರಿಗೆ ಆಗಿಬರಲಿಲ್ಲ. ಮೂರನೆಯದು ನುಂಗಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಕೊನೆಗೆ ಮೂಳೆ ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ ನೋಡಿ, ಬಲಗೈ ಮಣಿಕಟ್ಟಿನ ಮೂಳೆಗಳನ್ನು ಒಂದಕ್ಕೊಂದು ಬೆಸೆದುಬಿಡೋಣ ಅಂದರು. ನೋವು ಹೋಗುತ್ತದೆ, ಬೆರಳು ಆಡುತ್ತದೆ, ಮಣಿಕಟ್ಟು ಮಾತ್ರ ಮತ್ತೆ ಮಡಚಲು ಬರುವುದಿಲ್ಲ. ತಡ ಮಾಡಬೇಡಿ ಅಂತಲೂ ಅಂದರು.

"ಮಣಿಕಟ್ಟು ತಿರುಗ್ದೆ ತೋಳು ಹೇಗೆ ಕೂರಿಸ್ಲಿ? ಕಾಲರ್ ಹೇಗೆ ತಿರುಗಿಸ್ಲಿ?" ಅಂತ ಅಕ್ಕ ಅವರನ್ನೇ ಕೇಳಿದಳು.

"ನೋವಿಲ್ದೆ ಕತ್ತರಿ ಹಿಡೀಬಹುದಲ್ಲಮ್ಮಾ," ಅಂದರು ಡಾಕ್ಟರು.

ಅಕ್ಕ ಮನೆಗೆ ಬಂದು ಒಂದು ವಾರ ಯೋಚಿಸಿದಳು. ಬಲಗೈಯನ್ನು ಮರದ ಪಟ್ಟಿಗೆ ಕಟ್ಟಿಕೊಂಡು, ಮಣಿಕಟ್ಟು ಮಡಚದೆ ಏನೇನು ಹೊಲಿಯಬಹುದು ಅಂತ ಹೊಲಿದು ನೋಡಿದಳು. ನೇರ ಹೊಲಿಗೆ ಬಂತು. ದಿಂಬಿನ ಚೀಲ, ಪರದೆ, ಲಂಗ. "ಇಷ್ಟು ಸಾಕು ಬಿಡು, ಈ ವಯಸ್ಸಿಗೆ," ಅಂತ ತಾನೇ ಸಮಾಧಾನ ಮಾಡಿಕೊಂಡಳು. ಬರುವ ಸೋಮವಾರ ಹೋಗಿ ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಂಡು ಬರುವುದು ಅಂತಾಯಿತು.

ನಮ್ಮ ಮೊದಲ ಅಧ್ಯಯನ ಮುಗಿದದ್ದು ಅದೇ ವಾರ. ಅದಕ್ಕೂ ಮೊದಲು ನಾನು ಮಾಡಿದ್ದೇನು ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು.

ಕಾಯಿಲೆ ಬಲಿತ ಇಲಿ ಎದ್ದು ನಿಲ್ಲಲಾರದು. ತಲೆಯ ಮೇಲೆಯೇ ಊಟ ಇದೆ, ಮೂಗಿಗೆ ವಾಸನೆ ಬರುತ್ತಿದೆ, ಮುಂಗಾಲು ಎತ್ತುತ್ತದೆ, ಹಿಂಗಾಲು ತಡೆಯದೆ ಚಕ್ಕೆಯ ಮೇಲೆ ಕುಕ್ಕರಿಸುತ್ತದೆ. ಮತ್ತೆ ಎತ್ತುತ್ತದೆ, ಮತ್ತೆ ಕುಕ್ಕರಿಸುತ್ತದೆ. ಆ ಚಕ್ಕೆಯೂ ಒರಟು. ಅಕ್ಕ ಅನ್ನದ ತಟ್ಟೆಯ ಮುಂದೆ ಕೂತು ಬೆರಳು ಕೂಡಿಸಲು ಒದ್ದಾಡುವುದನ್ನು ನೋಡಿ ಮನೆಯಿಂದ ಹೊರಟು ಬಂದರೆ, ಇಲ್ಲಿಯೂ ಅದೇ. ಒಂದು ದಿನ ಉಂಡೆಗಳನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಮುಚ್ಚಳ ತೆಗೆದು ತಳದಲ್ಲೇ ಇಟ್ಟೆ. ಕೈ ಒರೆಸುವ ಕಾಗದವನ್ನು ಸಣ್ಣಗೆ ಹರಿದು ಚಕ್ಕೆಯ ಮೇಲೆ ದಪ್ಪಗೆ ಹಾಸಿದೆ. ಇಲಿಗಳು ಅದರೊಳಗೆ ಹುದುಗಿಕೊಂಡು ತಿಂದ ಪರಿಗೆ ನನ್ನ ಕಣ್ಣು ತುಂಬಿಬಂತು. ಅಂದಿನಿಂದ ದಿನಕ್ಕೆ ಎರಡು ಸಲ ಅದೇ ಕೆಲಸ.

ಯಾರಿಗೂ ಹೇಳಲಿಲ್ಲ. ಹೇಳಿಕೊಟ್ಟದ್ದನ್ನು ಬಿಟ್ಟು ಏನನ್ನೂ ಕೊಡಕೂಡದು ಅನ್ನುವುದು ನಮ್ಮಲ್ಲಿ ಹಳೆಯ ನಿಯಮ. ಬೈಸಿಕೊಳ್ಳುವುದು ಯಾರಿಗೆ ಬೇಕು? ಮೇಡಂ ಅಳೆಯಲು ಬರುವ ದಿನ ಬೆಳಿಗ್ಗೆ ಬೇಗ ಬಂದು ಕಾಗದವನ್ನೆಲ್ಲ ತೆಗೆದು ಹೊಸ ಚಕ್ಕೆ ಹಾಕಿಡುತ್ತಿದ್ದೆ. ಅವರ ಕಣ್ಣಿಗೆ ಒಂದು ಚೂರೂ ಬೀಳಲಿಲ್ಲ.

ಇನ್ನೊಂದು ವಿಷಯ. ನಾನು ಕುಳ್ಳಿ. ಅಕ್ಕ ಹೊಲಿದ ಲಂಗಕ್ಕೆ ಮಡಿಕೆ ಹಾಕುವ ಕಷ್ಟವೇ ಇಲ್ಲ, ಅರ್ಧ ಬಟ್ಟೆ ಸಾಕು ಅಂತ ಅವಳ ತಮಾಷೆ. ಚೌಕಟ್ಟಿನ ಕೆಳಗಿನ ಎರಡು ಸಾಲಿನ ಪೆಟ್ಟಿಗೆಗಳನ್ನು ನಾನು ಇದ್ದಲ್ಲೇ ಅರ್ಧ ಎಳೆದು ಮುಚ್ಚಳ ತೆರೆಯಬಲ್ಲೆ. ಮೇಲಿನ ಎರಡು ಸಾಲಿಗೆ ಸ್ಟೂಲು ಬೇಕು. ಇದ್ದ ಸ್ಟೂಲಿನ ಕಾಲು ಅಲ್ಲಾಡುತ್ತದೆ ಅಂತ ಸುರಕ್ಷತೆಯವರು ಬಂದು ಎತ್ತಿಕೊಂಡು ಹೋಗಿದ್ದರು. ಹೊಸದಕ್ಕೆ ಮೂರು ಸಲ ಬರೆದುಕೊಟ್ಟೆ. ಬರುತ್ತೆ ಬರುತ್ತೆ ಅಂದರು, ಬರಲಿಲ್ಲ. ಪೆಟ್ಟಿಗೆ ಬದಲಾಯಿಸುವ ದಿನ ತುದಿಗಾಲಲ್ಲಿ ನಿಂತು ಒಂದೊಂದನ್ನೂ ತಬ್ಬಿಕೊಂಡು ಇಳಿಸುತ್ತಿದ್ದೆ. ಅದು ಕೆಲಸ, ಮಾಡಲೇಬೇಕು. ಈ ಕಾಗದದ ಕೆಲಸ ನನ್ನ ಮನಸ್ಸಿನ ಸಮಾಧಾನಕ್ಕೆ ಮಾಡುತ್ತಿದ್ದದ್ದು. ದಿನಕ್ಕೆ ಎರಡು ಸಲ ಹತ್ತು ಪೆಟ್ಟಿಗೆ ಇಳಿಸಿ ಏರಿಸುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಹಾಗಾಗಿ ಕೆಳಗಿನ ಹತ್ತು ಪೆಟ್ಟಿಗೆಗೆ ಮೆತ್ತನೆಯ ಊಟ, ಮೆತ್ತನೆಯ ಹಾಸಿಗೆ. ಮೇಲಿನ ಹತ್ತಕ್ಕೆ ಒರಟು ಚಕ್ಕೆ, ತಲೆಯ ಮೇಲಿನ ಉಂಡೆ. ಪಾಪ ಅನ್ನಿಸುತ್ತಿತ್ತು. ಅದಕ್ಕಿಂತ ಮುಂದಕ್ಕೆ ನನ್ನ ಬುದ್ಧಿ ಓಡಲಿಲ್ಲ.

ಮೇಡಂ ಪೆಟ್ಟಿಗೆಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿದ್ದರು, ಹುಡುಕಲು ಸುಲಭವಾಗಲಿ ಅಂತ. ಒಂದರಿಂದ ಹತ್ತು ಕೆಳಗೆ, ಹನ್ನೊಂದರಿಂದ ಇಪ್ಪತ್ತು ಮೇಲೆ. ಒಂದರಿಂದ ಹತ್ತು ನೀಲಿ ಚೀಟಿ.

ಲಕೋಟೆ ಒಡೆದ ದಿನ ಮೇಡಂ ನಮ್ಮ ಕೋಣೆಗೆ ಓಡಿಕೊಂಡು ಬಂದರು. ಬೂಟಿನ ಮೇಲೆ ಚೀಲ ಹಾಕಿಕೊಳ್ಳುವುದನ್ನೂ ಮರೆತಿದ್ದರು. ಔಷಧಿ ನೀಲಿ ಚೀಟಿಯವಕ್ಕೆ ಕೊಟ್ಟದ್ದು. ನೀಲಿ ಚೀಟಿಯ ಇಲಿಗಳ ಊತ ಅರ್ಧಕ್ಕೆ ಇಳಿದಿತ್ತು, ತೂಕ ಏರಿತ್ತು, ಇಪ್ಪತ್ತರಲ್ಲಿ ಹದಿನಾರು ಇಲಿ ನಾಲ್ಕೂ ಕಾಲೂರಿ ನಡೆದಿದ್ದವು. ಹಳದಿಯವು ತೆವಳುತ್ತಲೇ ಇದ್ದವು. "ನಾವು ಗೆದ್ವಿ," ಅಂತ ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡರು. ನಾವು ಅಂದರಲ್ಲ, ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ಮನುಷ್ಯರ ಮೇಲೆ ಪರೀಕ್ಷೆ ಯಾವಾಗ ಅಂತ ಕೇಳಿದೆ. ಎಲ್ಲ ಸರಿಹೋದರೆ ವರ್ಷ, ಒಂದೂವರೆ ವರ್ಷ ಅಂದರು. ನಮ್ಮಕ್ಕನ ಹೆಸರು ಬರೆಸಬಹುದಾ ಅಂದೆ. ಮೇಡಂ ನಕ್ಕು, "ಮೊದಲನೇ ಹೆಸರು ಅವರದ್ದೇ," ಅಂದರು. ಖುಷಿಯಲ್ಲಿ ಅಂದ ಮಾತು. ನಾನು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದೆ.

ಅಕ್ಕ ಪರದೆಯ ಅಂಚು ಹೊಲಿಯುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ ಎಲ್ಲವನ್ನೂ ಹೇಳಿದೆ.

"ಇಲಿ ಅಲ್ವೇನೇ ಅದು?" ಅಂದಳು ಅಕ್ಕ.

"ಇಲಿಗೂ ನಿಂಗೂ ಕೀಲು ಒಂದೇ ಅಕ್ಕ. ಸೋಮವಾರ ಹೋಗೋದು ಬೇಡ. ಒಂದ್ಸಲ ಬೆಸೆದ್ರೆ ಆಯ್ತು, ಆಮೇಲೆ ಯಾವ ಔಷಧಿ ಬಂದು ಏನು ಪ್ರಯೋಜನ? ಕಾಯೋಣ."

"ಡಾಕ್ಟ್ರು ತಡ ಮಾಡ್ಬೇಡಿ ಅಂದಿದಾರೆ."

"ಅವ್ರು ಕೊಯ್ಯೋರು, ಇನ್ನೇನು ಅಂತಾರೆ? ನಾನು ಕಣ್ಣಾರೆ ನೋಡಿದೀನಿ ಅಕ್ಕ. ತೆವಳ್ತಿದ್ದವು ಎದ್ದು ನಡೆದಿವೆ. ನನ್ನ ಮಾತು ನಂಬು."

ಅಕ್ಕ ತನ್ನ ಬಲಗೈಯನ್ನು ಮಿಷನ್ನಿನ ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದಳು. ಕಾಲರ್ ತಿರುಗಿಸುವ ಹಾಗೆ ಗಾಳಿಯಲ್ಲೇ ಒಮ್ಮೆ ತಿರುಗಿಸಿದಳು. "ಸರಿ ಬಿಡು. ನೀನು ಹೇಳಿದ ಮೇಲೆ ಮುಗೀತು," ಅಂದಳು. ಆ ಸೋಮವಾರ ನಾವು ಆಸ್ಪತ್ರೆಗೆ ಹೋಗಲಿಲ್ಲ.

ಕಾಯುವುದು ಅಂದರೆ ಸುಮ್ಮನೆ ಕೂರುವುದಲ್ಲ, ಅಕ್ಕನ ಕೈ ದಿನಾ ಒಂದಷ್ಟು ಹೋಗುತ್ತಲೇ ಇತ್ತು. ಮೊದಲು ಗುಂಡಿ ಹೊಲಿಯುವುದು ನಿಂತಿತು. ಆಮೇಲೆ ಸೂಜಿಗೆ ದಾರ ಹಾಕುವುದು ನನ್ನ ಕೆಲಸವಾಯಿತು, ಬೆಳಿಗ್ಗೆ ಹೊರಡುವ ಮುಂಚೆ ಹತ್ತು ಸೂಜಿಗೆ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದೆ. ಆಮೇಲೆ ಜಡೆ ಹಾಕುವುದೂ ನನಗೇ ಬಂತು. "ಗಟ್ಟಿ ಹೆಣೀಬೇಡ್ವೇ, ನಾನೇನು ಸ್ಕೂಲಿಗೆ ಹೋಗ್ಬೇಕಾ?" ಅಂತ ಬೈಯುತ್ತಿದ್ದಳು. ಸಂಜೆ ಬಂದ ಕೂಡಲೇ ಕೇಳುವ ಪ್ರಶ್ನೆ ಬದಲಾಗಿತ್ತು: "ಬಂತಾ?" ನಾನು, "ಬರ್ತಾ ಇದೆ," ಅನ್ನುತ್ತಿದ್ದೆ. ಸ್ಟೂಲಿನ ಬಗ್ಗೆ ಆಫೀಸಿನವರು ನನಗೆ ಹೇಳುತ್ತಿದ್ದ ಉತ್ತರವನ್ನೇ ನಾನು ಅಕ್ಕನಿಗೆ ಹೇಳುತ್ತಿದ್ದೇನೆ ಅಂತ ಒಮ್ಮೆಯೂ ನನಗೆ ಹೊಳೆಯಲಿಲ್ಲ.

ಒಂದು ವಿಷಯ ಮಾತ್ರ ಮೇಡಂಗೆ ಅರ್ಥವಾಗಿರಲಿಲ್ಲ. ಮೊದಲ ಅಧ್ಯಯನದ ಇಲಿಗಳನ್ನು ಕೊನೆಗೆ ಮತ್ತೆ ಏಳದ ಹಾಗೆ ಮಲಗಿಸಿ, ಕೀಲುಗಳನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನೀಲಿಯವುಗಳ ಮೂಳೆಯೂ ಹಳದಿಯವುಗಳಷ್ಟೇ ಸವೆದಿತ್ತು. ಊತ ಕಡಿಮೆ, ನಡಿಗೆ ಚೆನ್ನ, ಒಳಗೆ ಮಾತ್ರ ಅದೇ ಹಾಳು. ಮೂಳೆಗೆ ಗುಣ ಕಾಣಲು ಇನ್ನೂ ಸಮಯ ಬೇಕೇನೋ ಅಂತ ಬರೆದು ಮುಂದೆ ಹೋದರು. ಎಲ್ಲರಿಗೂ ಮುಂದೆ ಹೋಗುವ ಆತುರವಿತ್ತು, ನನಗೆ ಎಲ್ಲರಿಗಿಂತ ಹೆಚ್ಚು.

ಫಲ ಖಚಿತ ಮಾಡಿಕೊಳ್ಳಲು ಎರಡನೆಯ ಅಧ್ಯಯನ, ವರ್ಷ ಕಳೆದ ಮೇಲೆ, ಹೊಸ ಕಟ್ಟಡದಲ್ಲಿ ನಡೆಯಿತು. ಮೂರು ಪಟ್ಟು ಇಲಿಗಳು. ಹೊಸದಾಗಿ ಬಂದಿದ್ದ ಪಶುವೈದ್ಯರು ಕಟ್ಟುನಿಟ್ಟಿನ ಮನುಷ್ಯ. ಕಾಲುನೋವಿನ ಇಲಿ ಅಂದಮೇಲೆ ಎಲ್ಲ ಪೆಟ್ಟಿಗೆಗೂ ಮೆತ್ತನೆಯ ಕಾಗದ ಹಾಕಲೇಬೇಕು, ನೆನೆಸಿದ ಆಹಾರ ತಳದಲ್ಲೇ ಇಡಬೇಕು ಅಂತ ನಿಯಮ ಮಾಡಿದರು. ವಾರಕ್ಕೊಮ್ಮೆ ಲಾಟರಿಯಂತೆ ಚೀಟಿ ಎತ್ತಿ ಪೆಟ್ಟಿಗೆಗಳ ಜಾಗ ಬದಲಾಯಿಸಬೇಕು. ಎತ್ತರ ಏರಿಸಿ ಇಳಿಸುವ ಚೌಕಟ್ಟು ಬಂತು, ನನ್ನಂಥ ಕುಳ್ಳಿಗೂ ಎಲ್ಲ ಕೈಗೆಟುಕುವಂಥದ್ದು. ನಾನು ಕದ್ದು ಮಾಡುತ್ತಿದ್ದದ್ದನ್ನು ಇವರು ರಾಜಾರೋಷವಾಗಿ ಮಾಡಿಸುತ್ತಿದ್ದಾರಲ್ಲ ಅಂತ ಹಿಗ್ಗಿದೆ. ಎಲ್ಲ ಇಲಿಗಳೂ ಹುದುಗಿಕೊಂಡು ಉಂಡವು.

ಹತ್ತು ವಾರ ಕಳೆದು ಲಕೋಟೆ ಒಡೆದರು. ಔಷಧಿ ಕೊಟ್ಟವೂ ಉಪ್ಪುನೀರು ಕೊಟ್ಟವೂ ಒಂದೇ. ಎಲ್ಲವೂ ಒಂದಷ್ಟು ಊದಿದ್ದವು, ಎಲ್ಲವೂ ಒಂದಷ್ಟು ನಡೆಯುತ್ತಿದ್ದವು. ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಮೂರನೆಯ ದಿನ ಮೇಡಂ ಹಳೆಯ ಕಡತಗಳನ್ನೆಲ್ಲ ಹರವಿಕೊಂಡು ಕೂತರು. ಔಷಧಿ ಕೆಟ್ಟಿತ್ತಾ, ಇಲಿ ಬೇರೆ ಕಡೆಯಿಂದ ಬಂದವಾ, ನೀರು ಬದಲಾಯಿತಾ, ಕೋಣೆಯ ಬಿಸಿ ಹೆಚ್ಚಿತ್ತಾ. ನನ್ನನ್ನು ಕರೆದು, "ಮೊದಲನೇ ಸಲಕ್ಕೂ ಈ ಸಲಕ್ಕೂ ಏನಾದ್ರೂ ಬೇರೆ ಇತ್ತಾ? ಎಷ್ಟು ಚಿಕ್ಕದಾದ್ರೂ ಪರವಾಗಿಲ್ಲ, ಹೇಳಿ," ಅಂದರು.

"ಇಲ್ಲ ಮೇಡಂ," ಅಂದೆ. ಆಗ ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಅದೇ ಮಧ್ಯಾಹ್ನ ಪಶುವೈದ್ಯರು ಕೋಣೆಗೆ ಬಂದರು. ಉಪ್ಪುನೀರಿನ ಗುಂಪಿನ ಒಂದು ಇಲಿ ಕಾಗದದ ರಾಶಿಯಿಂದ ಎದ್ದು ಬಂದು ಅವರ ಬೆರಳು ಮೂಸಿತು. "ನೋಡಿ, ಔಷಧಿ ಇಲ್ಲ ಏನಿಲ್ಲ, ಮೆತ್ತಗೆ ಹಾಸಿ ಎದುರಿಗೆ ಊಟ ಇಟ್ಟಿದ್ದಕ್ಕೇ ಎಷ್ಟು ಆರಾಮಾಗಿ ಓಡಾಡ್ತಿದೆ," ಅಂದರು. ನನ್ನ ಕೈಯಲ್ಲಿ ಟವೆಲ್ ಇತ್ತು. ಕೆಳಗಿನ ಎರಡು ಸಾಲು, ನೀಲಿ ಚೀಟಿ. ಮೇಲಿನ ಎರಡು ಸಾಲು, ಹಳದಿ ಚೀಟಿ. ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ತಲೆ ಸುತ್ತಿತಾ ಅಂತ ಅವರು ಕೇಳಿದರು, ಹೌದು ಅಂದೆ.

ಅದಾದ ಮೂರು ದಿನ ನಾನು ಏನೆಲ್ಲ ಯೋಚಿಸಿದೆ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಮೇಡಂ ಮೂರನೆಯ ಸಲ ಪರೀಕ್ಷೆ ಮಾಡುತ್ತಾರೆ, ಔಷಧಿ ಬದುಕಿರುತ್ತದೆ, ಅಕ್ಕನ ಪ್ರಶ್ನೆಗೆ, "ಬರ್ತಾ ಇದೆ," ಅನ್ನಬಹುದು. ಹೇಳಿದರೆ ಇವತ್ತೇ ಎಲ್ಲ ಮುಗಿಯುತ್ತದೆ. ಸುಳ್ಳು ಅಂತ ಗೊತ್ತಿದ್ದೂ ಅದನ್ನು ಹಿಡಿದುಕೊಂಡು ಕೂರುವುದು ಎಷ್ಟು ಸುಲಭ ಅಂತ ನನಗೆ ಆಗ ತಿಳಿಯಿತು. ಆದರೆ ಇಲಿಗಳು ಮತ್ತೆ ಬರುತ್ತವೆ. ಇನ್ನೂ ನೂರು ಇಲಿಗಳ ಬಾಲದ ಬುಡಕ್ಕೆ ಸೂಜಿ, ನೂರು ಇಲಿಗಳ ಕಾಲು, ಬರೀ ನನ್ನ ಬಾಯಿ ಮುಚ್ಚಿಕೊಂಡಿದೆ ಅನ್ನುವ ಕಾರಣಕ್ಕೆ. ನಾಲ್ಕನೆಯ ದಿನ ಹೋಗಿ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ಕಾಗದ, ನೆನೆಸಿದ ಉಂಡೆ, ಸ್ಟೂಲು, ಅಳತೆಯ ದಿನ ಬೆಳಿಗ್ಗೆ ಬೇಗ ಬರುತ್ತಿದ್ದದ್ದು.

ಅವರು ಬೈದಿದ್ದರೆ ಚೆನ್ನಾಗಿತ್ತು. ಪೆನ್ನು ತೆಗೆದು, ಯಾವ ವಾರದಿಂದ, ದಿನಕ್ಕೆ ಎಷ್ಟು ಸಲ, ಎಷ್ಟು ದಪ್ಪ ಅಂತ ಒಂದೊಂದೇ ಕೇಳಿ ಬರೆದುಕೊಂಡರು. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದರು.

"ಅದಕ್ಕೇ ಮೂಳೆ ಸವೆದಿತ್ತು," ಅಂದರು, ನನಗಲ್ಲ, ತಮಗೇ. ಆಮೇಲೆ, "ನಾನೇ ಸಾಲುಗಳನ್ನ ಕಲಸಿ ಇಡಬೇಕಿತ್ತು. ಓದಿದವಳು ನಾನು."

"ಮೇಡಂ, ಔಷಧಿ ಸ್ವಲ್ಪನಾದ್ರೂ..."

"ಏನೂ ಇಲ್ಲ. ಅದು ನೀರು ಕೊಟ್ಟ ಹಾಗೇನೆ." ಮೇಡಂ ಮುಖ ತಿರುಗಿಸಿಕೊಂಡರು. "ಸಂಶೋಧನಾ ಪತ್ರಿಕೇಲಿ ಬರೆದದ್ದನ್ನ ವಾಪಸ್ ತಗೋಬೇಕು. ನೀವು ಹೋಗಿ, ಕೆಲಸ ನೋಡಿ."

ಕೆಲಸ ಅಂದರೆ ಆ ವಾರ ನೂರ ಇಪ್ಪತ್ತು ಇಲಿಗಳನ್ನು ಒಂದೊಂದಾಗಿ ಹಿಡಿದುಕೊಟ್ಟು ಮಲಗಿಸುವುದು. ಹಿಡಿದುಕೊಟ್ಟೆ.

ಮನೆಯಲ್ಲಿ ಬಾಯಿ ಬರಲಿಲ್ಲ. ನಾಳೆ ಹೇಳೋಣ, ಭಾನುವಾರ ಹೇಳೋಣ ಅಂತ ಹತ್ತು ದಿನ ದೂಡಿದೆ. ಹನ್ನೊಂದನೆಯ ದಿನ ಬೆಳಿಗ್ಗೆ ನಾನು ದಾರ ಪೋಣಿಸುತ್ತಿದ್ದಾಗ ಅಕ್ಕ ಬಟ್ಟೆ ಮಡಚಲು ಕೂತಿದ್ದಳು. "ಇದೇನೇ ಇದು?" ಅಂದಳು, ಗಾಬರಿಯಿಲ್ಲದೆ, ಯಾರದೋ ಬಟ್ಟೆಯಲ್ಲಿ ಹರಕು ಸಿಕ್ಕಿದ ಹಾಗೆ. ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಕೆಳಗೆ ಜೋತುಬಿದ್ದಿದ್ದವು. ಎಡಗೈಯಿಂದ ಎತ್ತಿ ಹಿಡಿದರೆ ನಿಲ್ಲುತ್ತಿದ್ದವು, ಬಿಟ್ಟರೆ ಬೀಳುತ್ತಿದ್ದವು. ನೋವೇ ಇಲ್ಲ ಅಂದಳು. ಅದನ್ನು ಕೇಳಿ ನನಗೆ ಇನ್ನೂ ಭಯವಾಯಿತು.

ಮೂಳೆ ಡಾಕ್ಟರ ಕೋಣೆಯ ಹೊರಗೆ ಉದ್ದ ಬೆಂಚು. ನಮ್ಮ ಮುಂದೆ ಹನ್ನೆರಡು ಜನ. ಅಕ್ಕ ಜೋತ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು.

"ಇದಕ್ಕೂ ಆಗುತ್ತೇನೇ ನಿಮ್ಮ ಔಷಧಿ? ಬಂತಾ ಅದು?"

ಅಲ್ಲಿಗೆ ನನ್ನ ಶಕ್ತಿ ಮುಗಿಯಿತು. ಅಕ್ಕಪಕ್ಕದವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಅಂತ ಎಲ್ಲ ಹೇಳಿದೆ. ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಒಬ್ಬೊಬ್ಬರೇ ಒಳಗೆ ಹೋಗುತ್ತಿದ್ದರು.

"ಅಂದ್ರೆ ಔಷಧಿ ಏನೂ ಮಾಡಿರ್ಲಿಲ್ಲ," ಅಂದಳು ಕೊನೆಗೆ.

"ಇಲ್ಲ."

"ಆ ಇಲಿಗಳು ನಡೆದದ್ದು ನೀನು ಹಾಸಿಗೆ ಹಾಕಿದ್ದಕ್ಕೆ."

"ಹೂಂ."

"ಒಂದೂವರೆ ವರ್ಷ ನಾನು..." ಅಷ್ಟಕ್ಕೇ ನಿಲ್ಲಿಸಿದಳು. ಅವಳ ಕುತ್ತಿಗೆಯ ನರ ಉಬ್ಬಿತ್ತು. ಚಿಕ್ಕವಳಿದ್ದಾಗ ನಾನು ಗಿರಾಕಿಯ ರೇಷ್ಮೆಗೆ ಕತ್ತರಿ ಹಾಕಿದ ದಿನ ಮಾತ್ರ ಅದು ಹಾಗೆ ಉಬ್ಬಿದ್ದನ್ನು ನೋಡಿದ್ದೆ. "ಈಗ ನನ್ನ ಹತ್ರ ಮಾತಾಡ್ಬೇಡ," ಅಂದಳು. ಬೆಂಚಿನ ಮೇಲೆ ಒಂದು ಗೇಣು ಆಚೆಗೆ ಸರಿದು ಕೂತಳು.

ನಮ್ಮ ಸರದಿ ಬಂತು. ಡಾಕ್ಟರು ಬೆರಳುಗಳನ್ನು ಎತ್ತಿ ಬಿಟ್ಟು ನೋಡಿದರು, ಹೊಸ ಫೋಟೋವನ್ನು ದೀಪಕ್ಕೆ ಹಿಡಿದರು, ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿದರು. ಮಣಿಕಟ್ಟಿನ ಮೂಳೆ ಸವೆದು ಚೂಪಾಗಿದೆ, ಬೆರಳು ಎತ್ತುವ ಹುರಿಗಳು ಅದರ ಮೇಲೆ ಉಜ್ಜಿ ಉಜ್ಜಿ ಕಡಿದುಹೋಗಿವೆ ಅಂದರು. ಎರಡು ಹೋಗಿವೆ, ಮೂರನೆಯದು ಎಳೆಯಷ್ಟೇ ಉಳಿದಿದೆ. ಈಗ ಬೆಸೆಯಬಹುದು, ಇನ್ನೊಂದು ಹುರಿಯಿಂದ ಕಸಿ ಕಟ್ಟಿಯೂ ನೋಡಬಹುದು, ಆದರೆ ಈ ಕೈ ಇನ್ನು ಕತ್ತರಿ ಹಿಡಿಯುತ್ತದೆ ಅಂತ ಹೇಳಲಾರೆ ಅಂದರು. ಅಕ್ಕ ತಲೆ ತಗ್ಗಿಸಿ ಮೇಜಿನ ಅಂಚು ನೋಡುತ್ತಿದ್ದಳು.

"ಆಗ್ಲೇ ಬಂದಿದ್ರೆ ಬೆರಳು ಉಳೀತಿತ್ತಲ್ಲಮ್ಮಾ. ಯಾಕೆ ಬರ್ಲಿಲ್ಲ?"

"ಭಯ ಆಯ್ತು ಡಾಕ್ಟ್ರೇ," ಅಂದಳು ಅಕ್ಕ.

"ಭಯಕ್ಕೆ ಕೈ ಕಳ್ಕೊಂಡ್ರಿ ನೋಡಿ." ಡಾಕ್ಟರು ಉಸಿರುಬಿಟ್ಟು ನನ್ನ ಕಡೆ ತಿರುಗಿದರು. "ನೀವು ತಂಗಿ ಅಲ್ವಾ? ನೀವಾದ್ರೂ ಬುದ್ಧಿ ಹೇಳಿ ಕರ್ಕೊಂಡು ಬರ್ಬಾರ್ದಿತ್ತಾ?"

ಅಕ್ಕ ನನ್ನ ಕಡೆ ನೋಡಲಿಲ್ಲ.

"ಅವ್ಳು ಹೇಳಿದ್ಲು ಡಾಕ್ಟ್ರೇ. ದಿನಾ ಹೇಳ್ತಿದ್ಲು. ನಾನೇ ಕೇಳ್ಲಿಲ್ಲ," ಅಂದಳು.

ಡಾಕ್ಟರು ಮೆಚ್ಚುಗೆಯಿಂದ ನನ್ನನ್ನು ನೋಡಿ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ.